ಒಂದು ಕೂದಲೆಳೆ ಹಿಂದಕ್ಕೆ

ಹೌಕಿನಿಯೆಮಿ, ಫಿನ್ಲೆಂಡ್
18 ನವೆಂಬರ್ 1984

ಪ್ರೀತಿಯ ತಮ್ಮ ಆಸ್ಕೊ,

ಕೂತು ಓದು. ನಿಂತು ಓದಿದರೆ ಬಿದ್ದುಬಿಡುತ್ತೀಯ. ನೀನು ಬಿಟ್ಟುಹೋದ ಕೆಂಪು ಕಾರಿಗೆ ಅಪ್ಪ ಟರ್ಬೊ ಹಾಕುತ್ತಿದ್ದಾರೆ.

ಯಾವ ಟರ್ಬೊ ಅಂತ ಕೇಳು. ಕಳೆದ ವಸಂತದಲ್ಲಿ ಪಕ್ಕದ ಮನೆಯ ಕೌಕೊನ ಟ್ರಾಕ್ಟರು ಸರೋವರದ ಮಂಜುಗಡ್ಡೆ ಒಡೆದುಕೊಂಡು ಮುಳುಗಿತಲ್ಲ, ಅದರದ್ದು. ಎಂಜಿನ್ನು ಉಗುಳುವ ಹೊಗೆಯಿಂದಲೇ ಗಿರ್ರನೆ ತಿರುಗಿ, ಅದೇ ಎಂಜಿನ್ನಿನ ಬಾಯಿಗೆ ಇನ್ನಷ್ಟು ಗಾಳಿ ತುರುಕುವ ಕಬ್ಬಿಣದ ಬಸವನಹುಳು. ಈಗ ಅದು ನಮ್ಮ ಅಡಿಗೆಮನೆಯ ಮೇಜಿನ ಮೇಲೆ, ರೈ ಬ್ರೆಡ್ಡಿನ ಪಕ್ಕ ಕೂತಿದೆ. ಅಪ್ಪ ಅದರ ಚಕ್ರವನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಾ ಕಾಫಿ ಕುಡಿಯುತ್ತಾರೆ. ಅಮ್ಮ ಬದುಕಿದ್ದರೆ ಇಬ್ಬರನ್ನೂ ಹಿಮದಲ್ಲಿ ನಿಲ್ಲಿಸುತ್ತಿದ್ದಳು.

ಇದಕ್ಕೆಲ್ಲ ಕಾರಣ ಕೌಕೊನ ಬಾಯಿ. ಮಾರ್ಚಿನಲ್ಲಿ ಸರೋವರದ ಮೇಲೆ ಕಾರು ಓಟ ಇದೆಯಷ್ಟೆ. ಊರ ಭವನದಲ್ಲಿ ಎಲ್ಲರ ಎದುರಿಗೆ, "ಎಲ್ಯಾಸ್, ಈ ಸಲ ನೀನು ಓಡ್ಸೋದು ಬೇಡಪ್ಪ. ಕಾಫಿ ಬಗ್ಗಿಸ್ಕೊಂಡಿರು ಸಾಕು" ಅಂದ. ಅಪ್ಪ ಕಪ್ಪು ಕೆಳಗಿಟ್ಟು ಎದ್ದು ಬಂದರು. ಮರುದಿನ ನೀರಿನಿಂದ ಮೇಲೆಳೆದಿಟ್ಟಿದ್ದ ಕೌಕೊನ ಆ ಟ್ರಾಕ್ಟರಿನ ಹೊಟ್ಟೆ ಬಗೆಯುತ್ತಿದ್ದರು. ಸ್ಪ್ಯಾನರ್ ಹಿಡಿದು ಪಕ್ಕದಲ್ಲಿ ನಿಂತವನು ಯಾರು ಅಂದುಕೊಂಡೆ? ಕೌಕೊನೇ! ಗಂಡಸರ ಜಗಳ ನನಗೆ ಈ ಜನ್ಮದಲ್ಲಿ ಅರ್ಥವಾಗುವುದಿಲ್ಲ.

ನಿಜ ಹೇಳಲೇ? ನನಗೆ ಖುಷಿಯೇ ಆಗಿದೆ. ಮರದ ಮಿಲ್ಲಿನಿಂದ ನಿವೃತ್ತರಾದ ಮೇಲೆ ಕಿಟಕಿ ಬಿಟ್ಟು ಏಳದ ಮನುಷ್ಯ ಈಗ ಬೆಳಿಗ್ಗೆ ಎದ್ದು ಗಡ್ಡ ಬೋಳಿಸಿಕೊಳ್ಳುತ್ತಾರೆ. ಊರಿನವರು ಮೊದಲಿನ ಹಾಗೆಯೇ ಮೋಟಾರು ದೋಣಿ, ಟ್ರಾಕ್ಟರು, ಎಂಜಿನ್ ಗರಗಸ ತೆಗೆದುಕೊಂಡು ಬಂದು "ಎಲ್ಯಾಸ್, ಒಂಚೂರು ಕಿವಿಗೊಟ್ಟು ನೋಡು" ಅನ್ನುತ್ತಾರೆ. ಅಪ್ಪನ ಕಿವಿ ಅಂದರೆ ಈ ಊರಿಗೆ ಪಾದ್ರಿಯ ಮಾತಿದ್ದ ಹಾಗೆ. ಎಂಜಿನ್ನಿಗೆ ತಲೆಬಾಗಿ ನಿಂತು, ಕಣ್ಣು ಮುಚ್ಚಿ, ರೋಗ ಇಂಥದ್ದೇ ಅಂತ ಹೇಳಿಬಿಡುತ್ತಿದ್ದರಲ್ಲ. ಆ ಮರ್ಯಾದೆ ಒಂದೇ ಅವರನ್ನು ನೆಟ್ಟಗೆ ನಿಲ್ಲಿಸಿರುವುದು.

ಪುಸ್ತಕದ ಬಸ್ಸು ಓಡಿಸಿ ನನಗೂ ಬೆನ್ನು ಹಿಡಿದಿದೆ. ಊರೂರು ಸುತ್ತಿ ಪುಸ್ತಕ ಹಂಚುತ್ತೇನೆ, ನನಗೆ ಓದಲು ಪುರುಸೊತ್ತಿಲ್ಲ. ಅಲ್ಲಿ ಹುಷಾರಾಗಿರು. ವಿಶ್ವಸಂಸ್ಥೆಯ ಶಾಂತಿಪಡೆಯ ನೀಲಿ ಟೋಪಿ ಹಾಕಿಕೊಂಡವರ ಮೇಲೆ ಯಾರೂ ಗುಂಡು ಹಾರಿಸುವುದಿಲ್ಲ ಅಂತ ನೀನು ಹೇಳಿದ್ದನ್ನು ನಾನು ನಂಬಿದ್ದೇನೆ.

ನಿನ್ನ ಅಕ್ಕ,
ಸೋಯ್ಲಿ

ಕಾರು ಚೆನ್ನಾಗಿದೆ. ಅಪ್ಪ.


ದಕ್ಷಿಣ ಲೆಬನಾನ್
5 ಡಿಸೆಂಬರ್ 1984

ಅಕ್ಕಾ,

ಕೂತೇ ಓದಿದೆ. ಆಮೇಲೆ ಎದ್ದು ನಮ್ಮ ಗ್ಯಾರೇಜಿನ ಸುತ್ತ ಪ್ರದಕ್ಷಿಣೆ ಹಾಕಿದೆ. "ಏನೋ ಆಸ್ಕೊ, ಮನೇಲಿ ಯಾರಾದ್ರೂ ಹೋದ್ರೇನೋ?" ಅಂತ ಹುಡುಗರು ಕೇಳಿದರು. "ಇನ್ನೂ ಇಲ್ಲ" ಅಂದೆ.

ನಗಬೇಡ. ಆ ಎಂಜಿನ್ನು ತನ್ನಷ್ಟಕ್ಕೆ ತಾನು ಉಸಿರಾಡಲು ಹುಟ್ಟಿದ್ದು. ಗಾಳಿಯನ್ನೂ ಪೆಟ್ರೋಲನ್ನೂ ಪಿಸ್ಟನ್ನು ಒತ್ತಿ ಹಿಡಿಯುವ ಜಾಗ ಅದರಲ್ಲಿ ಮೊದಲೇ ಇಕ್ಕಟ್ಟು. ಅಲ್ಲಿಗೆ ಇನ್ನಷ್ಟು ಗಾಳಿ ತುರುಕಿದರೆ ಕಾವು ಏರುತ್ತದೆ, ಏರಿದ ಕಾವಿಗೆ ಪೆಟ್ರೋಲು ಕಿಡಿಯ ಅಪ್ಪಣೆ ಕಾಯದೆ ತಾನೇ ಸಿಡಿಯುತ್ತದೆ. ಸಿಡಿದಾಗಲೆಲ್ಲ ಪಿಸ್ಟನ್ನಿನ ನೆತ್ತಿಗೆ ಸುತ್ತಿಗೆ ಏಟು. ಆ ಬಡಿತ ಹೊರಗೆ ಕೇಳುವುದು ಮಾತ್ರ ಸಣ್ಣ ಸದ್ದಾಗಿ, ತಗಡಿನ ಡಬ್ಬಿಯಲ್ಲಿ ಮೊಳೆ ಕುಲುಕಿದಂತೆ. ಆ ಕ್ಷಣವೇ ಕಾಲು ತೆಗೆದರೆ ಬಚಾವು. ತೆಗೆಯದಿದ್ದರೆ ಪಿಸ್ಟನ್ನು ಕರಗಿ ತೂತು ಬೀಳುತ್ತದೆ. ಕೆಲವು ಸಲ ಅದನ್ನು ಹಿಡಿದ ಸರಳು ಮುರಿದು ಎಂಜಿನ್ನಿನ ಪಕ್ಕೆಯನ್ನೇ ಸೀಳುತ್ತದೆ, ಬಿಸಿ ಎಣ್ಣೆ ಚೆಲ್ಲುತ್ತದೆ, ಬೆಂಕಿ ಹತ್ತುತ್ತದೆ. ಆಗ ಒಳಗೆ ಕೂತಿರುವವರು ನಮ್ಮ ಅಪ್ಪ.

ಎಂಜಿನ್ನಿನ ತಲೆಯ ಕೆಳಗೆ ದಪ್ಪ ಗ್ಯಾಸ್ಕೆಟ್ ಹಾಕಲು ಹೇಳು, ಜಾಗ ಸಡಿಲವಾಗುತ್ತದೆ. ಪೆಟ್ರೋಲು ಹೆಚ್ಚು ಹೋಗುವಂತೆ ಮಾಡಲಿ. ಆದರೆ ನಾನು ಕೇಳಬೇಕೆಂದಿದ್ದು ಅದಲ್ಲ. ಕಿಡಿ ಯಾವಾಗ ಹಾರಬೇಕೆಂದು ಅಪ್ಪ ಹೇಗೆ ಹೊಂದಿಸುತ್ತಾರೆ? ಕಿಡಿ ಬೇಗ ಹಾರಿದಷ್ಟೂ ಎಳೆತ ಹೆಚ್ಚು, ಬಡಿತವೂ ಹೆಚ್ಚು. ನಮಗಿಬ್ಬರಿಗೂ ಓದು ಬರಹಕ್ಕಿಂತ ಮೊದಲು ಕಲಿಸಿದ್ದು ಅದನ್ನೇ ಅಲ್ಲವೇ? "ಡಿಸ್ಟ್ರಿಬ್ಯೂಟರನ್ನ ಮುಂದಕ್ಕೆ ತಿರುಗಿಸ್ತಾ ಹೋಗು. ಬಡಿತ ಕೇಳಿದ ತಕ್ಷಣ ಒಂದು ಕೂದಲೆಳೆ ಹಿಂದಕ್ಕೆ."

ಕೇಳಿದ ತಕ್ಷಣ, ಅಕ್ಕಾ. ಕೇಳಿದರೆ ತಾನೇ?

ನಾನು ಹೊರಡುವ ಮುಂಚಿನ ವಾರ ನೆನಪಿದೆಯೇ? ಒಲೆಯ ಮೇಲೆ ಕೆಟಲು ಸಿಳ್ಳೆ ಹೊಡೆದು ಹೊಡೆದು, ನೀರು ಬತ್ತಿ, ತಳ ಕೆಂಪಾಯಿತು. ಅಪ್ಪ ಅದಕ್ಕೆ ಬೆನ್ನು ಕೊಟ್ಟು ಪೇಪರು ಓದುತ್ತಿದ್ದರು. ಆ ಸಿಳ್ಳೆಗೆ ನೀನು ಅಂಗಳದಿಂದ ಓಡಿಬಂದೆ, ನಾನು ದೋಣಿಮನೆಯಿಂದ ಓಡಿಬಂದೆ. ಅಪ್ಪ ಪುಟ ತಿರುಗಿಸಿದರು. ನಾವಿಬ್ಬರೂ ಮುಖ ನೋಡಿಕೊಂಡೆವು, ಹೊಸ ಕೆಟಲು ತಂದಿಟ್ಟೆವು, ತುಟಿ ಬಿಚ್ಚಲಿಲ್ಲ. ಆಯುಸ್ಸೆಲ್ಲ ಗರಗಸದ ಪಕ್ಕ ನಿಂತ ಕಿವಿ ಅದು. ದಪ್ಪ ಸದ್ದು ಇನ್ನೂ ಕೇಳುತ್ತದೆ, ನಮ್ಮ ಮಾತು ತುಟಿ ನೋಡಿ ತಿಳಿಯುತ್ತದೆ. ಸಣ್ಣ ಸದ್ದು ಪೂರ್ತಿ ಹೋಗಿದೆ. ಬಡಿತ ಸಣ್ಣ ಸದ್ದು.

ಕೇಳಿಸದ ಬಡಿತಕ್ಕಾಗಿ ಕಾಯುತ್ತಾ ಅಪ್ಪ ಮುಂದಕ್ಕೆ, ಇನ್ನೂ ಮುಂದಕ್ಕೆ ತಿರುಗಿಸುತ್ತಾರೆ. ನೀನು ಅವರಿಗೆ ಹೇಳಬೇಕು.

ಆಸ್ಕೊ


ಹೌಕಿನಿಯೆಮಿ
28 ಡಿಸೆಂಬರ್ 1984

ಆಸ್ಕೊ,

ನಿನ್ನ ಕಾಗದ ಬಂದಾಗ ಎಂಜಿನ್ನಿನ ತಲೆ ಬಿಗಿದು ಮುಗಿದಿತ್ತು. ದಪ್ಪ ಗ್ಯಾಸ್ಕೆಟ್ ಅಂದೆ. "ಯಾರು ಹೇಳಿದ್ದು?" ಅಂದರು. "ಆಸ್ಕೊ" ಅಂದೆ. "ಅವನು ಅಲ್ಲಿಂದ ನೋಡ್ತಾ ಇದಾನಾ?" ಅಂದರು. ಅಲ್ಲಿಗೆ ಮುಗಿಯಿತು. ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ನಮ್ಮಿಬ್ಬರ ಅಂಚೆ ನೋಡಿಯೇ ಇರಬೇಕು.

ಮೊದಲ ಸವಾರಿ ಆಯಿತು. ಮೈನಸ್ ಇಪ್ಪತ್ತೆಂಟರ ಚಳಿ. ಟರ್ಬೊ ಸಣ್ಣಗೆ ಕೊಳಲೂದಿದ ಹಾಗೆ ಹಾಡಿತು, ಕಾರು ನನ್ನನ್ನು ಸೀಟಿಗೆ ಅಂಟಿಸಿತು, ನಾನು ಕಿರುಚಿದೆ. ಸುಳ್ಳೇಕೆ ಹೇಳಲಿ, ಮಜಾ ಬಂತು. ಬಡಿತ ಇರಲಿಲ್ಲ. ಅಷ್ಟು ಚಳಿಯ ಗಾಳಿಗೆ ಕಾವು ಎಲ್ಲಿ ಏರಬೇಕು? ಚಳಿಯೇ ನಮ್ಮನ್ನು ಕಾಯುತ್ತಿದೆ. "ಕೇಳು ಹೇಗೆ ಹಾಡ್ತಾ ಇದೆ" ಅಂದರು ಅಪ್ಪ, ನನ್ನ ಮುಖ ನೋಡುತ್ತಾ. ನಾನು ತಲೆಯಾಡಿಸಿದ ಮೇಲೆಯೇ ನಕ್ಕರು.

ಹೇಳು ಅಂತೀಯ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರಪ್ಪ? ಊರಿಗೆ ಊರೇ ನಾಟಕ ಆಡುತ್ತಿದೆ, ಗೊತ್ತಾ ನಿನಗೆ? ಮೊನ್ನೆ ಕೌಕೊ ಹೊಸ ಟ್ರಾಕ್ಟರು ತಂದು ನಿಲ್ಲಿಸಿ "ಏನಿದು ಸದ್ದು ಎಲ್ಯಾಸ್?" ಅಂದ. ಅಪ್ಪ ಕಣ್ಣು ಮುಚ್ಚಿ ಕೇಳಿ "ವಾಲ್ವು" ಅಂದರು. ಕೌಕೊ "ಅದೇ ನಾನೂ ಅಂದ್ಕೊಂಡೆ, ಬದುಕಿಸಿದೆ ಮಾರಾಯ" ಅಂತ ಕೈ ಕುಲುಕಿ ಹೋದ. ಆಮೇಲೆ ಪೇಟೆಯ ಮೆಕ್ಯಾನಿಕ್ಕಿನ ಹತ್ತಿರ ಒಯ್ದು ಫ್ಯಾನ್ ಬೆಲ್ಟ್ ಬದಲಾಯಿಸಿಕೊಂಡು ಬಂದ. ನನಗೆ ಹೇಗೆ ಗೊತ್ತು? ನಾನು ಬಸ್ಸು ನಿಲ್ಲಿಸುವ ಕಡೆಯೇ ಆ ಗ್ಯಾರೇಜು ಇರುವುದು. ಕೌಕೊ ನನ್ನನ್ನು ನೋಡಿ ಕಳ್ಳನ ಹಾಗೆ ತಲೆ ತಗ್ಗಿಸಿದ. ಎಷ್ಟು ದಿನದಿಂದ ಹೀಗೆ ಮಾಡುತ್ತಿದ್ದಾರೋ ದೇವರಿಗೇ ಗೊತ್ತು. ಈಗ ನಾನು ಬಾಯಿ ಬಿಟ್ಟರೆ ಕಾರಿನ ಬಡಿತದ ಮಾತು ಮಾತ್ರ ಆಗುವುದಿಲ್ಲ, ಇಷ್ಟು ವರ್ಷ ಊರೆಲ್ಲ ಅವರಿಗೆ ಕನಿಕರ ತೋರಿಸುತ್ತಿತ್ತು ಅಂತ ಹೇಳಿದ ಹಾಗಾಗುತ್ತದೆ. ಬಿಸಿ ತುಪ್ಪ ಕಣೋ ಇದು. ನುಂಗಲಾರೆ, ಉಗುಳಲಾರೆ.

ಅಂದಹಾಗೆ ಕ್ರಿಸ್‌ಮಸ್ ದಿನ ಫೋನಿನಲ್ಲಿ ನಿನಗೇನಾಗಿತ್ತು? ಅಲ್ಲಿ ಮಳೆಯಾ ಅಂದರೆ ಹಬ್ಬದೂಟದ ಹ್ಯಾಮು ಚೆನ್ನಾಗಿತ್ತು ಅಂದೆ. ಯಾವಾಗ ಬರ್ತೀಯ ಅಂದರೆ ಹೌದು ಹೌದು ಅಂದೆ. ಹಾಳು ಲೈನು. ನಾನು ಅಪ್ಪನಿಗೆ ಹೇಳಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಕೆಳಗಿನ ಸಾಲನ್ನು ಹಾಳೆ ಖಾಲಿ ಇರುವಾಗಲೇ ಅಪ್ಪನಿಂದ ಬರೆಸಿಕೊಂಡಿದ್ದೆ, ಹೆದರಬೇಡ.

ಸೋಯ್ಲಿ

ಚೆನ್ನಾಗಿ ಎಳೆಯುತ್ತದೆ. ಅಪ್ಪ.


ದಕ್ಷಿಣ ಲೆಬನಾನ್
12 ಜನವರಿ 1985

ಅಕ್ಕಾ,

ಚಳಿ ಕಾಯುತ್ತಿದೆ ಅಂದೆಯಲ್ಲ, ಅದೇ ನನ್ನ ಭಯ. ಓಟ ಇರುವುದು ಮಾರ್ಚಿನಲ್ಲಿ. ಬಿಸಿಲು ಬರುತ್ತದೆ, ಹಿಮ ಹನಿಯುತ್ತದೆ, ಗಾಳಿಯ ಚಳಿ ಇಳಿಯುತ್ತದೆ. ಆ ಹೊತ್ತಿಗೆ ಅಪ್ಪ ಅದನ್ನು ಎಲ್ಲಿಯವರೆಗೆ ತಿರುಗಿಸಿರುತ್ತಾರೋ!

ಬಾಯಿ ಬರದಿದ್ದರೆ ಕೈ ಉಪಯೋಗಿಸು. ಶನಿವಾರ ಅಪ್ಪ ಹಬೆಸ್ನಾನಕ್ಕೆಂದು ಸೌನಾಕ್ಕೆ ಹೋದಾಗ ಬಾನೆಟ್ ತೆಗೆ. ಡಿಸ್ಟ್ರಿಬ್ಯೂಟರಿನ ಬುಡದ ಬೋಲ್ಟು ಸಡಿಲಿಸಿ, ನಿನ್ನ ಕಿರುಬೆರಳ ಉಗುರಿನಗಲ ಹಿಂದಕ್ಕೆ ತಿರುಗಿಸಿ ಬಿಗಿ. ಎಂಜಿನ್ನು ಒಂದಿಷ್ಟು ಮಂಕಾಗುತ್ತದೆ, ಆದರೆ ಬದುಕುತ್ತದೆ. ಯಾರಿಗೂ ಏನೂ ಹೇಳಬೇಕಾಗಿಲ್ಲ.

ಇದು ಹೇಡಿತನ ಅಂತ ಗೊತ್ತು. ಇಷ್ಟು ದೂರದಲ್ಲಿ ಕೂತು ನನ್ನಿಂದ ಇನ್ನೇನಾದೀತು? ಇಲ್ಲಿ ಲಾರಿಗಳನ್ನು ರಿಪೇರಿ ಮಾಡುತ್ತೇನೆ, ತಲೆಯಲ್ಲಿ ಒಂದೇ ಎಂಜಿನ್ನು ಓಡುತ್ತಿರುತ್ತದೆ. ಮೊನ್ನೆ ನಮ್ಮ ಡೇರೆಯ ಕೆಟಲು ಬತ್ತಿ ಸುಟ್ಟುಹೋಯಿತು, ಪಕ್ಕದಲ್ಲೇ ಕೂತಿದ್ದ ನನಗೆ ಎಲ್ಲರೂ ಬೈದರು. ಜನರೇಟರಿನ ಪಕ್ಕದ ಡೇರೆಯಾದರೂ ನಿದ್ದೆ ಈಗ ಚೆನ್ನಾಗಿ ಬರುತ್ತದೆ, ಅಭ್ಯಾಸವಾಗಿದೆ. ಫೋನು ಬೇಡ, ಲೈನು ಸರಿಯಿಲ್ಲ. ಕಾಗದವೇ ಬರೆ.

ಆಸ್ಕೊ


ಹೌಕಿನಿಯೆಮಿ
3 ಫೆಬ್ರವರಿ 1985

ಆಸ್ಕೊ,

ನಿನ್ನ ಉಪಾಯಕ್ಕಿಷ್ಟು ಬೆಂಕಿ ಹಾಕ.

ಕಳೆದ ಶನಿವಾರ ಅಪ್ಪ ಸೌನಾಕ್ಕೆ ಹೋದರು. ನಾನು ಟಾರ್ಚು ಕಚ್ಚಿಕೊಂಡು ಕಾರಿನ ಹೊಟ್ಟೆಗೆ ಕೈ ಹಾಕಿದೆ. ಉಗುರಿನಗಲ ಹಿಂದಕ್ಕೆ ತಿರುಗಿಸಿದೆ, ಬಿಗಿದೆ, ಕೈ ತೊಳೆದೆ, ಒಲೆಯ ಮುಂದೆ ಸಾಧ್ವಿಯ ಹಾಗೆ ಕೂತೆ. ಮರುದಿನ ಅಪ್ಪ ಒಂದು ಸುತ್ತು ಓಡಿಸಿ ಬಂದರು. ಗ್ಲೌಸು ಬಿಚ್ಚುತ್ತಾ, "ಎಳೆತ ಕಮ್ಮಿ ಆಗಿದೆ" ಅಂದರು. ನಾನು "ಹೌದಾ?" ಅಂದೆ. "ಬೆನ್ನಿಗೆ ಗೊತ್ತಾಗುತ್ತೆ" ಅಂದರು. ಹೋಗಿ ಬಾನೆಟ್ ತೆಗೆದು ಮೊದಲಿದ್ದಲ್ಲಿಗೆ ತಂದು, ನಿಂತು ಕೇಳಿ, ಇನ್ನೂ ಸ್ವಲ್ಪ ಮುಂದಕ್ಕೆ ತಿರುಗಿಸಿದರು. ಕಿವಿ ಕೆಟ್ಟರೂ ಬೆನ್ನು ಕೆಟ್ಟಿಲ್ಲ ನೋಡು! ನಾವು ಮಾಡಿದ್ದರಿಂದ ಈಗ ಮೊದಲಿಗಿಂತ ಕೆಟ್ಟಿದೆ.

ಗುರುವಾರ ಹವೆ ಬದಲಾಯಿತು. ಸೂರಿನಿಂದ ಹನಿ ಬಿತ್ತು. ಗುಡ್ಡ ಹತ್ತುವಾಗ ಮೊದಲ ಸಲ ನನಗೆ ಕೇಳಿಸಿತು. ಡಬ್ಬಿಯಲ್ಲಿ ಮೊಳೆ. ನೀನು ಹೇಳಿದ ಹಾಗೇ. ನಾನು ಕೂಡಲೇ ಅಪ್ಪನ ಕಡೆ ನೋಡಿದೆ. ಅವರು ಸರೋವರ ನೋಡುತ್ತಾ ಶಾಂತವಾಗಿ ಕಾಲು ಒತ್ತುತ್ತಿದ್ದರು. ನನಗೆ ಅಳು ಬಂತು ಕಣೋ.

ನಿನ್ನೆ ಸಂಜೆ ಹೇಳಿಯೇಬಿಟ್ಟೆ. ಹೌದು, ನಾನು, ಈ ಬಾಯಲ್ಲೇ. ಸೌನಾ ಮುಗಿಸಿ ಅಪ್ಪ ಜಗುಲಿಯಲ್ಲಿ ಮೈ ಆರಿಸಿಕೊಳ್ಳುತ್ತಾ ಕೂತಿದ್ದರು, ಮೈಯಿಂದ ಹಬೆ ಏಳುತ್ತಿತ್ತು. ನಾನು ಪಕ್ಕದಲ್ಲಿ ಕೂತೆ. ಮಬ್ಬುಗತ್ತಲು. ಎದೆ ಗಟ್ಟಿ ಮಾಡಿಕೊಂಡು, "ಅಪ್ಪಾ, ಎಂಜಿನ್ನು ಬಡೀತಾ ಇದೆ. ನಿಮಗೆ ಕೇಳ್ಸಲ್ಲ. ಬಹಳ ದಿನದಿಂದ ನಿಮಗೆ ಕೇಳ್ಸಲ್ಲ" ಅಂದೆ.

ಅಪ್ಪ ಸರೋವರದ ಕಡೆ ನೋಡುತ್ತಲೇ ಇದ್ದರು. "ಹೂಂ, ನಾಳೆ ಹಿಮ ಬೀಳಬಹುದು" ಅಂದರು.

ಕತ್ತಲಲ್ಲಿ ನನ್ನ ತುಟಿ ಅವರಿಗೆ ಕಂಡಿರಲಿಲ್ಲ. ಇನ್ನೊಮ್ಮೆ ಹೇಳುವ ಶಕ್ತಿ ನನ್ನಲ್ಲಿರಲಿಲ್ಲ. "ಬೀಳಬಹುದು" ಅಂದೆ. ಈಗ ನೀನು ಬೈ, ಬೈಸಿಕೊಳ್ಳುತ್ತೇನೆ.

ಸೋಯ್ಲಿ


ದಕ್ಷಿಣ ಲೆಬನಾನ್
24 ಫೆಬ್ರವರಿ 1985

ಪ್ರೀತಿಯ ಅಪ್ಪ,

ಇದು ನಿಮಗೇ ಬರೆದದ್ದು. ಅಕ್ಕನಿಂದ ಓದಿಸಬೇಡಿ, ಕನ್ನಡಕ ಹಾಕಿಕೊಂಡು ನೀವೇ ಓದಿ.

ಎಂಜಿನ್ನು ಬಡಿಯುತ್ತಿದೆ. ಅಕ್ಕನಿಗೆ ಕೇಳುತ್ತದೆ, ಕೌಕೊಗೂ ಕೇಳುತ್ತಿರಬೇಕು, ನಿಮಗೆ ಕೇಳುವುದಿಲ್ಲ. ನಿಮ್ಮ ಕಿವಿಯಲ್ಲಿ ಸಣ್ಣ ಸದ್ದುಗಳು ಹೋಗಿ ಎಷ್ಟೋ ವರ್ಷವಾಯಿತು. ನಮಗೆಲ್ಲ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ. ನಿಮ್ಮನ್ನು ಕಂಡರೆ ಭಯವಲ್ಲ ಅಪ್ಪ. ಎಂಜಿನ್ನಿನ ಮೇಲೆ ತಲೆ ಬಾಗಿಸಿ ನೀವು ಕಣ್ಣು ಮುಚ್ಚುವುದನ್ನು ನೋಡುತ್ತಾ ಬೆಳೆದೆವು. ಅದು ಮುಗಿಯಿತು ಎಂದು ಹೇಳುವುದು ನಮ್ಮ ಕೈಯಲ್ಲಾಗಲಿಲ್ಲ.

ಡಿಸ್ಟ್ರಿಬ್ಯೂಟರನ್ನು ಹಿಂದಕ್ಕೆ ತಿರುಗಿಸಿ. ಒಂದು ಕೂದಲೆಳೆಯಲ್ಲ, ಬೆರಳಗಲ. ಇಲ್ಲವೇ ಓಡಿಸಬೇಡಿ. ಕಾರು ಸುಟ್ಟರೆ ಸುಡಲಿ, ನೀವು ಅದರೊಳಗೆ ಇರುವುದು ಬೇಡ. ಈ ಕಾಗದ ಓಟಕ್ಕೆ ಮೊದಲೇ ಬರಲಿ ಎಂದು ಅಂಚೆಯ ಹುಡುಗನಿಗೆ ಸಿಗರೇಟು ಕೊಟ್ಟು ಮೊದಲ ವಿಮಾನಕ್ಕೆ ಹಾಕಿಸಿದ್ದೇನೆ.

ನಿಮ್ಮ ಮಗ,
ಆಸ್ಕೊ


ಹೌಕಿನಿಯೆಮಿ
13 ಮಾರ್ಚ್ 1985

ಆಸ್ಕೊ,

ನಿನ್ನ ಕಾಗದ ನಿನ್ನೆ ಬಂತು. ಓಟ ಭಾನುವಾರವೇ ಮುಗಿಯಿತು. ಅಪ್ಪ ಬದುಕಿದ್ದಾರೆ, ಅದನ್ನು ಮೊದಲು ಹೇಳುತ್ತೇನೆ.

ಭಾನುವಾರ ಎಂಥ ಬಿಸಿಲು ಅಂತೀ! ಸರೋವರದ ಮೇಲೆ ಹಿಮ ಬಾಚಿ ದಾರಿ ಮಾಡಿದ್ದರು, ದಡದಲ್ಲಿ ಊರೆಲ್ಲ ನೆರೆದಿತ್ತು, ಸಾಸೇಜು ಸುಡುವ ವಾಸನೆ. ನಾನು ತಿರುವಿನ ಹತ್ತಿರ ಕೌಕೊನ ಪಕ್ಕ ನಿಂತಿದ್ದೆ. ಮೊದಲ ಸುತ್ತಿನಲ್ಲೇ ಅಪ್ಪ ಮೂವರನ್ನು ಹಿಂದೆ ಹಾಕಿದರು. ಜನ ಕೂಗಿದರು. ಎರಡನೆಯ ಸುತ್ತಿಗೆ ಅವರೇ ಮುಂದು. ಆಗ ಶುರುವಾಯಿತು. ತಿರುವು ದಾಟಿ ಕಾಲು ಒತ್ತಿದಾಗಲೆಲ್ಲ ಆ ಸದ್ದು ಮಂಜುಗಡ್ಡೆಯ ಮೇಲಿಂದ ದಡದವರೆಗೆ ಚೆನ್ನಾಗಿ ಕೇಳುತ್ತಿತ್ತು. ಕೂಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಕೌಕೊ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹೋಯ್ತು ಕಣಮ್ಮಾ ಇದು" ಅಂದ.

"ನೀವಾದ್ರೂ ಹೇಳ್ಬಾರ್ದಿತ್ತಾ?" ಅಂದೆ.

"ನೀನು ಹೇಳಿದ್ಯಾ?" ಅಂದ.

ಮೂರನೆಯ ಸುತ್ತಿಗೆ ಅಪ್ಪ ತಿರುವಿಗೆ ಬಂದರು. ನಾನು ಕೊರಳಿನ ಕೆಂಪು ಶಾಲು ಕಿತ್ತು, ಹುಚ್ಚಿಯ ಹಾಗೆ ಬೀಸಿದೆ, ನಿಲ್ಲಿಸಿ ನಿಲ್ಲಿಸಿ ಅಂತ ಅರಚಿದೆ. ಅಪ್ಪ ನನ್ನನ್ನು ನೋಡಿದರು. ಸ್ಟೀರಿಂಗಿನಿಂದ ಒಂದು ಕೈ ಎತ್ತಿ ತಿರುಗಿ ಬೀಸಿದರು, ನಕ್ಕರು. ನಾನು ಹುರಿದುಂಬಿಸುತ್ತಿದ್ದೇನೆ ಅಂದುಕೊಂಡರು. ಅಮ್ಮ ಹೋದ ಮೇಲೆ ಆ ನಗು ನಾನು ನೋಡಿರಲಿಲ್ಲ. ನಗುತ್ತಲೇ ಕಾಲು ಒತ್ತಿದರು.

ಢಬ್ ಅಂತ ಒಂದೇ ಸದ್ದು. ಬಿಳಿ ಹೊಗೆ ಕಾರನ್ನು ಮುಚ್ಚಿತು. ಮಂಜುಗಡ್ಡೆಯ ಮೇಲೆ ಎಣ್ಣೆಯ ಕಪ್ಪು ಗೆರೆ ಎಳೆಯುತ್ತಾ ಕಾರು ಗಿರಕಿ ಹೊಡೆದು ಹಿಮದ ಗುಡ್ಡೆಗೆ ನುಗ್ಗಿತು. ಬಾನೆಟ್ಟಿನ ಸಂದಿಯಲ್ಲಿ ಬೆಂಕಿ ಕಂಡಿತು. ಗಂಡಸರೆಲ್ಲ ಓಡಿ ಸಲಿಕೆಯಲ್ಲಿ ಹಿಮ ಎಸೆದರು. ಅಪ್ಪ ತಾವೇ ಬಾಗಿಲು ತೆಗೆದು ಇಳಿದರು, ಎಡ ಹುಬ್ಬು ಸುಟ್ಟಿತ್ತು, ಅಷ್ಟೇ. ಎಂಜಿನ್ನಿನ ಕಡೆ ನೋಡಲಿಲ್ಲ, ದಡದ ಕಡೆ ನೋಡಿದರು. ಅಷ್ಟು ಜನರಲ್ಲಿ ಒಬ್ಬರ ಮುಖದಲ್ಲೂ ಆಶ್ಚರ್ಯ ಇರಲಿಲ್ಲ, ಆಸ್ಕೊ. ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ಸಾಸೇಜು ನೋಡಿಕೊಳ್ಳುತ್ತಿದ್ದರು. ಅಪ್ಪನಿಗೆ ಆಗಲೇ ತಿಳಿಯಿತು ಅಂತ ನನಗನ್ನಿಸುತ್ತದೆ.

ಸೋಮವಾರ ಎಂಜಿನ್ನು ಬಿಚ್ಚಿದರು. ಪಿಸ್ಟನ್ನಿನ ನೆತ್ತಿಯಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಉಳಿದ ಪಿಸ್ಟನ್ನುಗಳ ಅಂಚೆಲ್ಲ ಇಲಿ ಕಡಿದ ಹಾಗೆ. ಅಪ್ಪ ಆ ಕಚ್ಚುಗಳ ಮೇಲೆ ಬೆರಳಾಡಿಸುತ್ತಾ ಬಹಳ ಹೊತ್ತು ಕೂತರು.

"ಇದು ಒಂದು ದಿನದ ಬಡಿತ ಅಲ್ಲ. ಯಾವಾಗಿಂದ?" ಅಂದರು.

"ಹಿಮ ಕರಗೋಕೆ ಶುರುವಾದಾಗಿಂದ."

"ಜೋರಾಗಿತ್ತಾ?"

"ಜೋರಾಗಿತ್ತು ಅಪ್ಪಾ."

"ನಿನಗೆ ಕೇಳಿಸ್ತಿತ್ತು."

"ಕೇಳಿಸ್ತಿತ್ತು."

ಬೈಯುತ್ತಾರೆ ಅಂತ ಕಾದೆ. ಬೈದಿದ್ದರೆ ಕಾಲಿಗೆ ಬೀಳುತ್ತಿದ್ದೆ. ಅವರು ಪಿಸ್ಟನ್ನನ್ನು ಬಟ್ಟೆಯಿಂದ ಒರೆಸಿ ಮೇಜಿನ ಮೇಲಿಟ್ಟರು.

ಮರುದಿನ ನಿನ್ನ ಕಾಗದ ಬಂತು. ಓದಿದರು, ಮಡಿಸಿ ಜೇಬಿಗಿಟ್ಟರು. "ಒಳ್ಳೇ ಕಾಗದ" ಅಂದರು. ಆಮೇಲೆ ನೀನು ನನಗೆ ಬರೆದ ಕಾಗದಗಳನ್ನೂ ಕೇಳಿದರು. ಇನ್ನು ಮುಚ್ಚಿಡುವುದೇನು ಅಂತ ಎಲ್ಲ ಕೊಟ್ಟೆ. ಓದಿ ಮುಗಿಸಿ ವಿಚಿತ್ರ ಪ್ರಶ್ನೆ ಕೇಳಿದರು. ಕ್ರಿಸ್‌ಮಸ್ ದಿನ ನೀನು ಫೋನಿನಲ್ಲಿ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಬೇಕಂತೆ. ಮಳೆ, ಹ್ಯಾಮು, ಎಲ್ಲ ಹೇಳಿದೆ. ಈ ಸಲ ನನಗೆ ನಗು ಬರಲಿಲ್ಲ. ಅಪ್ಪ ಎದ್ದು ಹೊರಗೆ ಹೋದರು.

ನನ್ನನ್ನು ಕ್ಷಮಿಸು ಅಂತ ಯಾರನ್ನು ಕೇಳಲಿ? ನಿನ್ನನ್ನೋ, ಅವರನ್ನೋ?

ಸೋಯ್ಲಿ


ಹೌಕಿನಿಯೆಮಿ
17 ಮಾರ್ಚ್ 1985

ಆಸ್ಕೊ,

ನಾನು ಕಾಗದ ಬರೆಯುವವನಲ್ಲ. ನಿಮ್ಮಮ್ಮನಿಗೆ ಮದುವೆಗೆ ಮೊದಲು ಎರಡು ಬರೆದಿದ್ದೆ, ಎರಡನ್ನೂ ತಪ್ಪು ತಿದ್ದಿ ವಾಪಸು ಕೊಟ್ಟಳು.

ಎಂಜಿನ್ನು ನಿನ್ನದು, ಸುಟ್ಟವನು ನಾನು. ಬೇರೆ ಹಾಕುತ್ತೇನೆ, ಟರ್ಬೊ ಇಲ್ಲದೆ. ಕಿವಿಗೆ ಬಾರದ ಸದ್ದು ಎಲುಬಿನಿಂದಾದರೂ ಬಂದೀತೆಂದು ಬರ್ಚ್ ಮರದ ಕೋಲಿನ ಒಂದು ತುದಿಯನ್ನು ಕೌಕೊನ ಟ್ರಾಕ್ಟರಿಗೆ ಒತ್ತಿ, ಇನ್ನೊಂದನ್ನು ಹಲ್ಲಲ್ಲಿ ಕಚ್ಚಿ ನೋಡಿದೆ. ಎಂಜಿನ್ನಿನ ನಡುಕ ಬಂತು. ಸದ್ದು ಬರಲಿಲ್ಲ.

ಸೋಯ್ಲಿಯ ಮೇಲೆ ಕೋಪ ಬೇಡ. ಜಗುಲಿಯಲ್ಲಿ ಅವಳು ಏನೋ ಹೇಳಿದಳು ಎಂದು ನನಗೆ ಗೊತ್ತಿತ್ತು. ಏನು ಎಂದು ಗೊತ್ತಾಗಲಿಲ್ಲ. ಏನಂದೆ ಎಂದು ಕೇಳಬಹುದಿತ್ತು, ಧೈರ್ಯ ಬರಲಿಲ್ಲ. ಹಿಮದ ಮಾತಾಡಿದೆ.

ಈಗ ನಿನ್ನ ವಿಷಯ.

ಕೇಳಿಸದಿದ್ದಾಗ ಏನು ಮಾಡಬೇಕೆಂದು ನನ್ನಷ್ಟು ಬಲ್ಲವರಿಲ್ಲ. ಎದುರಿನವರು ಏನು ಕೇಳಬಹುದೆಂದು ಊಹಿಸಿ ಉತ್ತರ ಹೇಳಬೇಕು. ಕ್ರಿಸ್‌ಮಸ್ ಎಂದರೆ ಹ್ಯಾಮಿನ ಮಾತು ಬಂದೇ ಬರುತ್ತದೆ, ಹ್ಯಾಮು ಚೆನ್ನಾಗಿತ್ತು ಎನ್ನಬೇಕು. ಉಳಿದದ್ದಕ್ಕೆ ಹೌದು ಹೌದು. ತಪ್ಪಿದರೆ ಲೈನು ಸರಿಯಿಲ್ಲ. ಆ ದಿನ ಸೋಯ್ಲಿ ನಕ್ಕಾಗ ನಾನೂ ನಕ್ಕಿದ್ದೆ, ಅವಳು ಹೇಳಿದ್ದು ಪೂರ್ತಿ ಕೇಳಿರಲಿಲ್ಲ. ಈಗ ಪೂರ್ತಿ ಕೇಳಿ ತಿಳಿದುಕೊಂಡೆ. ನನ್ನ ಕೆಟಲಿನ ಬಗ್ಗೆ ಅಷ್ಟುದ್ದ ಬರೆದವನು ನಿನ್ನ ಕೆಟಲಿನ ಬಗ್ಗೆ ಒಂದೇ ಸಾಲು ಬರೆದಿದ್ದೀಯ. ಜನರೇಟರಿನ ಪಕ್ಕ ಒಳ್ಳೆಯ ನಿದ್ದೆ ಬರುವುದು ಅಭ್ಯಾಸದಿಂದಲ್ಲ ಮಗಾ.

ಏನಾಯಿತು ಅಲ್ಲಿ? ಆ ಡೇರೆ ಬಿಡು. ಡಾಕ್ಟರ ಹತ್ತಿರ ಹೋಗು. ಎಂಜಿನ್ನಾದರೆ ಕೂದಲೆಳೆ ಹಿಂದಕ್ಕೆ ತಿರುಗಿಸಬಹುದು, ಕಿವಿಯಲ್ಲಿ ಹಿಂದಕ್ಕೆ ತಿರುಗಿಸಲು ಏನೂ ಇಲ್ಲ. ನಾನೂ ಪೇಟೆಯ ಡಾಕ್ಟರ ಹತ್ತಿರ ಹೋಗುತ್ತೇನೆ. ಮೊದಲು ನೀನು ಹೋಗು.

ಈ ಕಾಗದ ನಿನ್ನ ಕೈ ಸೇರುವವರೆಗೆ ನೀನು ಅಲ್ಲೇ ಮಲಗುತ್ತಿರುತ್ತೀಯ. ಇಲ್ಲಿ ಕೂತು ಅದನ್ನೇ ಯೋಚಿಸುತ್ತೇನೆ. ಎಂಜಿನ್ನು ಒಡೆದಾಗ ಇಷ್ಟು ಹೆದರಿಕೆ ಆಗಿರಲಿಲ್ಲ.

ಸೋಯ್ಲಿಗೆ ಹೇಳಿಲ್ಲ.

ಅಪ್ಪ


ದಕ್ಷಿಣ ಲೆಬನಾನ್
2 ಏಪ್ರಿಲ್ 1985

ಅಪ್ಪ,

ನಿಮ್ಮ ಕಾಗದ ಬಂದ ದಿನವೇ ಹೋದೆ.

ಕ್ರಿಸ್‌ಮಸ್ಸಿಗೆ ಸ್ವಲ್ಪ ಮೊದಲು ಗ್ಯಾರೇಜಿನ ಗೇಟಿನ ಹತ್ತಿರ ಶೆಲ್ ಬಿದ್ದಿತ್ತು. ಯಾರಿಗೂ ಗಾಯವಾಗಲಿಲ್ಲ, ಅದಕ್ಕೇ ಬರೆಯಲಿಲ್ಲ. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು, ಹೋಗುತ್ತದೆ ಅಂದುಕೊಂಡೆ. ನಿಮ್ಮ ಎಂಜಿನ್ನಿನ ಚಿಂತೆಯಲ್ಲಿ ಅದರ ಕಡೆ ಗಮನ ಕೊಡಲಿಲ್ಲ, ಅಥವಾ ಗಮನ ಕೊಡಬಾರದೆಂದೇ ನಿಮ್ಮ ಎಂಜಿನ್ನಿನ ಚಿಂತೆ ಮಾಡಿದೆನೋ ಏನೋ.

ಡಾಕ್ಟರು ನನ್ನ ಕಿವಿಗೆ ಯಂತ್ರ ಸಿಕ್ಕಿಸಿ, ಸಣ್ಣ ಸದ್ದು ಬರುತ್ತದೆ, ಬಂದಾಗಲೆಲ್ಲ ಬೆರಳೆತ್ತು ಅಂದರು. ನಾನು ಬೆರಳು ಸಿದ್ಧ ಮಾಡಿಕೊಂಡು ಕಾದೆ. ನಿಮ್ಮ ಹಾಗೆಯೇ ಕಣ್ಣು ಮುಚ್ಚಿ ಕಾದೆ. ಬಹಳ ಹೊತ್ತಾದ ಮೇಲೆ "ಯಾವಾಗ ಶುರು ಮಾಡ್ತೀರಾ?" ಎಂದು ಕೇಳಿದೆ. ಅವರು ಒಂದು ಚೀಟಿಯ ಮೇಲೆ ಬರೆದು ತೋರಿಸಿದರು. ಆಗಲೇ ಮುಗಿಯಿತು, ಎಂದು.

ಮೇ ತಿಂಗಳಲ್ಲಿ ಮನೆಗೆ ಕಳಿಸುತ್ತಾರೆ. ಡೇರೆ ಬದಲಾಯಿಸಿದ್ದೇನೆ, ಈಗ ಬದಲಾಯಿಸಿ ಏನು ಬಂತು.

ಅಕ್ಕನಿಗೆ ಬರೆಯಲು ಕೂತೆ, ಆಗಲಿಲ್ಲ. ನೀವೇ ಹೇಳಿಬಿಡಿ ಅಪ್ಪ. ಹಗಲು ಹೊತ್ತಿನಲ್ಲಿ, ಅವಳ ತುಟಿ ನಿಮಗೆ ಕಾಣುವಾಗ ಹೇಳಿ.

ನಿಮ್ಮ
ಆಸ್ಕೊ